ಹಳೆಯ ಕೋಲಿನ ಹದ

2019ರ ಏಪ್ರಿಲ್‌ನಲ್ಲಿ ಟೈಗರ್ ವುಡ್ಸ್ ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯಾವಳಿ ಗೆದ್ದಾಗ ಅವರಿಗೆ 43 ವರ್ಷ. ಬೆನ್ನಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಆದ ಮೇಲೂ ಗೆದ್ದರಲ್ಲ ಎಂದು ಜಗತ್ತು ಬೆರಗಾಯಿತು. ಆ ದಿನ ಅವರ ಚೀಲದಲ್ಲಿದ್ದ ಕೋಲುಗಳ ಕಡೆ ಗಮನ ಕೊಟ್ಟವರು ಕಡಿಮೆ. ದೂರಕ್ಕೆ ಹೊಡೆಯುವ ಡ್ರೈವರ್ ಆ ವರ್ಷದ ಹೊಸ ಮಾದರಿ. ಹಳೆಯ ಡ್ರೈವರ್‌ಗಳಿಗಿಂತ ಅದು ತೀರಾ ಬೇರೆಯಾಗಿತ್ತು. ಚೆಂಡನ್ನು ಕುಳಿಗೆ ಉರುಳಿಸುವ ಪಟರ್ 1999ರಿಂದ ಜೊತೆಗಿದ್ದ ಸ್ಕಾಟಿ ಕ್ಯಾಮರನ್ ನ್ಯೂಪೋರ್ಟ್ 2. ಮೇಜರ್ ಎಂಬ ಅತಿ ದೊಡ್ಡ ಪಂದ್ಯಾವಳಿಗಳಲ್ಲಿ ಅವರು ಪಡೆದ 15 ಗೆಲುವುಗಳಲ್ಲಿ 14 ಬಂದದ್ದು ಅದೊಂದೇ ಕೋಲಿನಿಂದ. ಇವೆರಡರ ನಡುವೆ ಇದ್ದವು ನಡುವಣ ದೂರಕ್ಕೆ ಹೊಡೆಯುವ ಐರನ್‌ಗಳು. ಅವರಿಗೆ ಕೋಲು ಒದಗಿಸುತ್ತಿದ್ದ ನೈಕಿ ಕಂಪನಿ 2016ರ ಆಗಸ್ಟ್‌ನಲ್ಲಿ ಗಾಲ್ಫ್ ಸಲಕರಣೆಗಳ ತಯಾರಿಕೆಯನ್ನೇ ಕೈಬಿಟ್ಟಿತು. 2017ರಲ್ಲಿ ಅವರು ಟೇಲರ್‌ಮೇಡ್ ಕಂಪನಿಗೆ ಬಂದರು. ಆ ಕಂಪನಿ ಅವರ ಹಳೆಯ ಐರನ್‌ಗಳನ್ನು ಮುಂದಿಟ್ಟುಕೊಂಡು, ಹಿಂದೆ ಕೈಯಿಂದ ಉಜ್ಜಿ ತಿದ್ದುತ್ತಿದ್ದ ತಳದ ಆಕಾರವನ್ನು ಯಂತ್ರದಲ್ಲಿ ಕೊರೆದು, ಪಿ7ಟಿಡಬ್ಲ್ಯು ಎಂಬ ಹೊಸ ಐರನ್‌ಗಳನ್ನು ಮಾಡಿಕೊಟ್ಟಿತು. ವಸ್ತು ಹೊಸದು, ಹದ ಹಳೆಯದು. ಒಂದೇ ಚೀಲದಲ್ಲಿ ಪೂರ್ತಿ ಬದಲಾದದ್ದು, ಬದಲಾಗಿಯೂ ಹಳೆಯದರಂತೆ ಉಳಿದದ್ದು, ಬದಲಾಗದೇ ಉಳಿದದ್ದು, ಮೂರೂ ಇದ್ದವು. ಇಂದು ನಾನು ಹೇಳಬೇಕೆಂದಿರುವುದು ಈ ನಡುವಿನದರ ಬಗ್ಗೆ.

ಗಾಲ್ಫ್ ಆಡುವವರಿಗೆ ಈ ಕಷ್ಟ ಗೊತ್ತು. ಹದಿನೈದೋ ಇಪ್ಪತ್ತೋ ವರ್ಷ ಆಡಿದ ಸೆಟ್ ಒಂದು ದಿನ ಸಾಕಾಗುತ್ತದೆ. ಐರನ್ನಿನ ಮುಖದ ಗೆರೆಗಳು ಸವೆದಿರುತ್ತವೆ, ಕೋಲಿನ ಒಳಗೆ ತುಕ್ಕು ಹಿಡಿದಿರುತ್ತದೆ, ಒಂದು ಕೋಲು ಕಳೆದರೆ ಅದೇ ಮಾದರಿಯ ಇನ್ನೊಂದು ಎಲ್ಲೂ ಸಿಗುವುದಿಲ್ಲ. ಹೊಸದು ಕೊಳ್ಳಬೇಕು, ಆದರೆ ಕೈ ಹಳೆಯದನ್ನೇ ಕೇಳುತ್ತದೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ವರೆಗೆ ಎಲ್ಲ ಕಡೆಯ ಆಟಗಾರರೂ ಅಂಗಡಿಯಲ್ಲಿ ನಿಂತು ಕೇಳುವುದು ಒಂದೇ ಮಾತು: ಇದರ ಹಾಗೇ ಇರುವುದು ಹೊಸದರಲ್ಲಿ ಯಾವುದಿದೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಕಂಪನಿಯ ಹೆಸರಿನ ಉತ್ತರ ಬರುತ್ತದೆ, ಇಲ್ಲವೇ ನೋಡಲು ಹೋಲುವ ಒಂದು ಕೋಲು ಬರುತ್ತದೆ. ಎರಡೂ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಕೈಗೆ ಒಗ್ಗಿದ ಹದ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಅಳೆಯಬಹುದಾದದ್ದು. ಹಾಗಾಗಿ ಹಳೆಯದು ಕೈಯಲ್ಲಿರುವಾಗಲೇ ಅದನ್ನು ಅಳೆದು, ಆ ಅಳತೆಗೆ ಹೊಸದನ್ನು ಹೊಂದಿಸಬೇಕು. ನೆನಪನ್ನು ನಂಬಿ ಹುಡುಕಿದರೆ ಸಿಗುವುದು ಕಷ್ಟ.

ಕೂಡಲೇ ಬರುವ ಆಕ್ಷೇಪ ಇದು: ಹದ ಅನ್ನುವುದು ಮನಸ್ಸಿಗೆ ಸಂಬಂಧಿಸಿದ್ದು, ಅದನ್ನು ತಕ್ಕಡಿಯಲ್ಲಿ ತೂಗಲಾಗುತ್ತದೆಯೇ? ಇದಕ್ಕೆ ಉತ್ತರ ಕೊಡಬೇಕಾದರೆ ಹೊಡೆತದ ಆ ಕ್ಷಣವನ್ನು ಹತ್ತಿರದಿಂದ ನೋಡಬೇಕು. ಕೋಲಿನ ತಲೆ ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ, ಅಂದರೆ ಅರ್ಧ ಮಿಲಿಸೆಕೆಂಡು. ಬೆರಳಿಗೆ ಬಂದ ಕಂಪನದ ಸುದ್ದಿ ನರಗಳ ಮೂಲಕ ಮಿದುಳು ಮುಟ್ಟಲು ಹದಿನೈದಿಪ್ಪತ್ತು ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಡ್ರೈವರ್‌ನಿಂದ ಹೊರಟ ಚೆಂಡು ಒಂದು ಮೀಟರಿಗೂ ಮುಂದೆ ಹೋಗಿರುತ್ತದೆ. ಚೆಂಡು ಕೋಲಿನ ಮುಖಕ್ಕೆ ಅಂಟಿಕೊಂಡಂತಾಯಿತು, ಬೆಣ್ಣೆಯಂತೆ ಮೆತ್ತಗಿತ್ತು ಎಂದು ಆಟಗಾರ ಹೇಳುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಅವನಿಗೆ ಅನ್ನಿಸುತ್ತಿರುವುದು ಆಗಿಹೋದ ಬಡಿತದ ಹಿಂದೆ ಉಳಿದ ಕಂಪನ ಮತ್ತು ಶಬ್ದ. ಅದರಲ್ಲೂ ಶಬ್ದದ ಪಾಲು ದೊಡ್ಡದು. ನೆಲದ ಹತ್ತಿರದ ಬಡಿತದ ಸದ್ದು ಕಿವಿಗೆ ಬರಲು ಐದು ಮಿಲಿಸೆಕೆಂಡು ಸಾಕು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಡೆತದ ಹದದ ಬಗ್ಗೆ ಆಟಗಾರರು ಕೊಟ್ಟ ಅಭಿಪ್ರಾಯಕ್ಕೂ ಆ ಹೊಡೆತದ ಶಬ್ದದ ಗುಣಕ್ಕೂ ಬಲವಾದ ನಂಟು ಕಂಡುಬಂತು. ಕೈಯ ಸುಖ ಎಂದು ನಾವು ತಿಳಿದಿರುವುದರಲ್ಲಿ ಕಿವಿಯ ಸುಖವೂ ಬೆರೆತಿದೆ. ಶಬ್ದವನ್ನು ಅಳೆಯಬಹುದು, ಅದರ ಏರಿಳಿತ, ಅದು ಉಳಿಯುವ ಹೊತ್ತು, ಎರಡನ್ನೂ ತಯಾರಕರು ಅಳೆದೇ ಕೋಲು ಮಾಡುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ 2017ರಲ್ಲಿ ಬಂದ ಪಿ790 ಎಂಬ ಐರನ್. ಹೊರಗಿನಿಂದ ಅದು ಹಳೆಯ ಬ್ಲೇಡ್ ಮಾದರಿಯ ಐರನ್ನಿನ ಹಾಗೆ ತೆಳ್ಳಗೆ, ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಟೊಳ್ಳು. ಟೊಳ್ಳಾದ ಉಕ್ಕಿನ ತಲೆ ಚೆಂಡಿಗೆ ಬಡಿದರೆ ಡಬ್ಬ ಬಡಿದಂತೆ ಸದ್ದಾಗಬೇಕು. ಹಾಗಾಗದಿರಲೆಂದು ಆ ಟೊಳ್ಳಿಗೆ ಹಗುರವಾದ ನೊರೆಯಂಥ ಪದಾರ್ಥ ತುಂಬಿ ಗಟ್ಟಿಯಾಗಿಸಿದ್ದಾರೆ. ಅದು ತೆಳುವಾದ ಮುಖಕ್ಕೆ ಒತ್ತಾಸೆಯಾಗಿ ನಿಂತು ಕಂಪನವನ್ನು ಹೀರಿಕೊಳ್ಳುತ್ತದೆ, ಕಿವಿಗೆ ಗಟ್ಟಿ ಉಕ್ಕಿನ ಸದ್ದಿಗೆ ಹತ್ತಿರವಾದದ್ದು ಬರುತ್ತದೆ. ಇದು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಕೋಲು ಏಕೆ ಹಿತವಾಗಿತ್ತು ಎಂಬ ಕಾರಣವನ್ನು ಹುಡುಕಿ, ಆ ಕಾರಣವನ್ನೇ ಹೊಸ ವಸ್ತುವಿನಲ್ಲಿ ಕೂರಿಸಿದ್ದಾರೆ. ಅದು ಪ್ರಾಮಾಣಿಕ ಕೆಲಸ. ಆದರೆ ಇಂಥ ಎಲ್ಲ ಪ್ರಯತ್ನಗಳಿಗೂ ಒಂದೇ ತೂಕ ಕೊಡಲಾಗದು. ಜಪಾನಿನ ಮಿಜುನೋ ಕಂಪನಿ 2019ರ ಎಂಪಿ-20 ಐರನ್‌ಗಳಲ್ಲಿ ಹೊರಲೇಪದ ಕೆಳಗೆ ತೀರಾ ತೆಳುವಾದ ತಾಮ್ರದ ಪದರ ಹಾಕಿತು. ತನ್ನ ಹಳೆಯ ಐರನ್‌ಗಳ ಮೆತ್ತನೆಯ ಹದ ಅದರಿಂದ ಮರಳುತ್ತದೆ ಎಂದು ಹೇಳಿತು. ಆ ಐರನ್‌ಗಳು ಸೊಗಸಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇನ್ನೂರೈವತ್ತು ಗ್ರಾಂಗೂ ಮಿಕ್ಕಿದ ಉಕ್ಕಿನ ತಲೆಯ ಕಂಪನವನ್ನು ಕೂದಲೆಳೆಗಿಂತ ತೆಳುವಾದ ಪದರ ಎಷ್ಟು ಬದಲಿಸೀತು? ಆ ಹದಕ್ಕೆ ತಾಮ್ರಕ್ಕಿಂತ ತಲೆಯ ಆಕಾರ, ಮುಖದ ಹಿಂದಿನ ಉಕ್ಕಿನ ದಪ್ಪ, ತೂಕ ಕೂತಿರುವ ಜಾಗ ಇವೇ ಹೆಚ್ಚು ಕಾರಣ ಎಂದು ನಾನು ನಂಬುತ್ತೇನೆ. ಕೊಳ್ಳುವವರು ಲೇಪದ ಕಥೆ ಕೇಳುವುದಕ್ಕಿಂತ ಅದರ ಕೆಳಗಿನ ಗಟ್ಟಿ ಭಾಗವನ್ನು ತಮ್ಮ ಹಳೆಯದರ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಶಬ್ದದ ನಂತರ ತೂಕ. ಕ್ರಿಕೆಟ್ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದೇ ತೂಕದ ಎರಡು ಬ್ಯಾಟುಗಳಲ್ಲಿ ಒಂದು ಹಗುರವಾಗಿ ಮೇಲೇಳುತ್ತದೆ, ಇನ್ನೊಂದು ಕೆಳಕ್ಕೆ ಜಗ್ಗುತ್ತದೆ. ಗಾಲ್ಫ್ ಕೋಲಿನಲ್ಲಿ ಈ ಜಗ್ಗುವಿಕೆಯನ್ನು ಸ್ವಿಂಗ್ ವೆಯ್ಟ್ ಎನ್ನುತ್ತಾರೆ. ಹಿಡಿಯ ತುದಿಯಿಂದ 14 ಇಂಚು ದೂರದಲ್ಲಿ ಆಧಾರ ಕೊಟ್ಟು ತಕ್ಕಡಿಯಲ್ಲಿಟ್ಟರೆ ಡಿ0, ಡಿ2 ಎಂಬಂತೆ ಒಂದು ಅಂಕ ಸಿಗುತ್ತದೆ. ತಲೆಗೆ 2 ಗ್ರಾಂ ಸೇರಿದರೆ ಈ ಅಂಕ ಒಂದರಷ್ಟು ಏರುತ್ತದೆ. ಕೋಲು ಅರ್ಧ ಇಂಚು ಉದ್ದವಾದರೆ ಮೂರರಷ್ಟು ಏರುತ್ತದೆ. ಹಿಡಿಯ ರಬ್ಬರ್ ಐದು ಗ್ರಾಂ ಭಾರವಾದರೆ ಒಂದರಷ್ಟು ಇಳಿಯುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸ ಅನುಭವಿ ಕೈಗಳಿಗೆ ಗೊತ್ತಾಗುತ್ತದೆ. ಹಾಗೆಂದು ಈ ಅಂಕವೊಂದನ್ನೇ ನಂಬಿದರೂ ಮೋಸಹೋಗುತ್ತೇವೆ. ಡೈನಮಿಕ್ ಗೋಲ್ಡ್‌ನಂಥ ಹಳೆಯ ಉಕ್ಕಿನ ದಂಡ, ಅಂದರೆ ಶಾಫ್ಟ್, ಸುಮಾರು 130 ಗ್ರಾಂ ತೂಗುತ್ತದೆ. ಇಂದಿನ ಹಲವು ಗ್ರಾಫೈಟ್ ಶಾಫ್ಟ್‌ಗಳು ಅದರ ಅರ್ಧಕ್ಕೆ ಹತ್ತಿರ. ಎರಡರಲ್ಲೂ ಡಿ2 ಅಂಕವನ್ನೇ ತರಬಹುದು, ಆದರೂ ಕೋಲಿನ ಒಟ್ಟು ತೂಕದಲ್ಲಿ ಐವತ್ತು ಅರವತ್ತು ಗ್ರಾಂ ವ್ಯತ್ಯಾಸವಿರುತ್ತದೆ, ಹೊಡೆತದ ಲಯವೇ ಬೇರೆಯಾಗುತ್ತದೆ. ತಕ್ಕಡಿಯ ಅಂಕ ಸರಿಯಾಗಿದೆ, ಕೈಗೆ ಮಾತ್ರ ಹಿಡಿಸುತ್ತಿಲ್ಲ ಎಂದು ಹೇಳುವವರ ದೂರಿಗೆ ಬಹಳ ಸಲ ಇದೇ ಕಾರಣ. ಹದ ಅಳತೆಗೆ ಸಿಗದು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಅಳೆಯಬೇಕಾದದ್ದನ್ನು ಪೂರ್ತಿ ಅಳೆದಿಲ್ಲ ಅಷ್ಟೇ.

ಕೈಯ ಹದ ಅಳತೆಗೆ ಸಿಗುತ್ತದೆ ಎಂಬುದು ಬಾಬಿ ಜೋನ್ಸ್ ವಿಷಯದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಅಟ್ಲಾಂಟಾದ ಈ ಹವ್ಯಾಸಿ ಆಟಗಾರ 1923ರಿಂದ 1930ರ ನಡುವೆ 13 ಮೇಜರ್ ಗೆದ್ದವರು. ಆ ಕಾಲದ ಕೋಲುಗಳ ದಂಡ ಹಿಕರಿ ಮರದ್ದು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಜೋನ್ಸ್ ಒಂದೊಂದನ್ನೂ ಕೈಯಲ್ಲಿ ಹಿಡಿದು, ಆಡಿಸಿ, ಇಷ್ಟವಾದದ್ದನ್ನು ಮಾತ್ರ ಆರಿಸಿ ತಮ್ಮ ಸೆಟ್ ಕೂಡಿಸಿದರು. ಅವರು ನಿವೃತ್ತರಾದ ಬಳಿಕ ಆ ಕೋಲುಗಳನ್ನು ಅಳೆದು ನೋಡಿದಾಗ ಒಂದನ್ನು ಬಿಟ್ಟು ಉಳಿದವೆಲ್ಲ ಒಂದಕ್ಕೊಂದು ಹೊಂದಿದ್ದವು, ಹೊಂದದ ಆ ಒಂದು, ಮ್ಯಾಶಿ ನಿಬ್ಲಿಕ್ ಎಂಬ ಐರನ್, ಜೋನ್ಸ್‌ರನ್ನು ಸದಾ ಕಾಡಿದ ಕೋಲೇ ಆಗಿತ್ತು ಎಂದು ಗಾಲ್ಫ್ ಚರಿತ್ರೆಯಲ್ಲಿ ಹೇಳುತ್ತಾರೆ. ಕೈ ಮೆಚ್ಚಿದ್ದು ಮತ್ತು ಉಪಕರಣ ತೋರಿಸಿದ್ದು ಒಂದೇ ಆಗಿದ್ದವು. ಅವರ ಪಟರ್‌ನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕ್ಯಾಲಮಿಟಿ ಜೇನ್ ಎಂಬ ಆ ಪಟರ್ 1923ರಲ್ಲಿ ಜಿಮ್ ಮೇಡನ್ ಎಂಬ ವೃತ್ತಿಪರ ಆಟಗಾರರಿಂದ ಅವರ ಕೈಗೆ ಬಂತು. ಆಗಲೇ ಹಳೆಯದು, ದಂಡ ಬಿರುಕು ಬಿಟ್ಟು ದಾರ ಸುತ್ತಿ ಬಿಗಿದದ್ದು. ಅದರಿಂದ ಮೂರು ಮೇಜರ್ ಗೆದ್ದರು. ತುಕ್ಕು ತೆಗೆಯಲೆಂದು ಮತ್ತೆ ಮತ್ತೆ ಉಜ್ಜಿ ಉಜ್ಜಿ ಮುಖ ಸವೆದುಹೋಯಿತು, ಚೆಂಡು ನಂಬುವಂತೆ ಉರುಳದಾಯಿತು. ಆಗ ಸ್ಪಾಲ್ಡಿಂಗ್ ಕಂಪನಿ ಅದರ ನಕಲುಗಳನ್ನು ಮಾಡಿತು. 1926ರಿಂದ ಜೋನ್ಸ್ ಅವುಗಳಲ್ಲೊಂದನ್ನು ಬಳಸಿದರು. ಹಳೆಯದರಲ್ಲಿ ಬಿರುಕು ಮುಚ್ಚಲು ಸುತ್ತಿದ್ದ ದಾರದ ಕಟ್ಟುಗಳು ಬಿರುಕಿಲ್ಲದ ಹೊಸ ದಂಡದ ಮೇಲೂ ಬಂದವು. ಉಳಿದ ಹತ್ತು ಮೇಜರ್‌ಗಳು, ನಾಲ್ಕೂ ಪಂದ್ಯ ಒಟ್ಟಿಗೆ ಗೆದ್ದ 1930ರ ವರ್ಷವೂ ಸೇರಿ, ಬಂದದ್ದು ಈ ಎರಡನೆಯ ಕ್ಯಾಲಮಿಟಿ ಜೇನ್‌ನಿಂದ. ಮೂಲ ಪಟರ್‌ನಿಂದ ಮೂರು, ನಕಲಿನಿಂದ ಹತ್ತು. ಹಳೆಯದರ ಹದ ಹೊಸದರಲ್ಲಿ ಬರಲಾರದು ಎನ್ನುವವರು ಈ ಲೆಕ್ಕವನ್ನು ಎದುರಿಸಬೇಕು. ಮೂಲ ಎದುರಿಗೇ ಇದ್ದಾಗ ನಕಲು ಮಾಡಿಸಿದ್ದರಿಂದ ಅದು ಸಾಧ್ಯವಾಯಿತು ಎಂಬುದನ್ನೂ ಗಮನಿಸಬೇಕು.

ಆದರೆ ಇದೇ ಪಟರ್ ನನ್ನ ವಾದಕ್ಕೆ ಒಂದು ಮಿತಿಯನ್ನೂ ಹಾಕುತ್ತದೆ. ಅದರ ಮುಖದ ಓರೆ, ಅಂದರೆ ಲಾಫ್ಟ್, 8 ಡಿಗ್ರಿ. ಇಂದಿನ ಪಟರ್‌ಗಳಲ್ಲಿ ಅದು ಮೂರು ನಾಲ್ಕು ಡಿಗ್ರಿ. ಜೋನ್ಸ್ ಕಾಲದಲ್ಲಿ ಕುಳಿಯ ಸುತ್ತಲಿನ ಹುಲ್ಲನ್ನು, ಅಂದರೆ ಗ್ರೀನ್ ಅನ್ನು, ಇಷ್ಟು ಗಿಡ್ಡವಾಗಿ ಕತ್ತರಿಸುತ್ತಿರಲಿಲ್ಲ. ಚೆಂಡನ್ನು ಮೊದಲು ಹುಲ್ಲಿನಿಂದ ಸ್ವಲ್ಪ ಎತ್ತಿ ಆಮೇಲೆ ಉರುಳಿಸಬೇಕಿತ್ತು. ಇಂದಿನ ನುಣುಪಾದ ಗ್ರೀನ್ ಮೇಲೆ ಅದೇ ಓರೆ ಚೆಂಡನ್ನು ಕುಪ್ಪಳಿಸುವಂತೆ ಮಾಡುತ್ತದೆ. ಕೋಲಿನ ಹದ ಕೋಲಿನಲ್ಲಿ ಮಾತ್ರ ಇರುವುದಿಲ್ಲ, ನೆಲದಲ್ಲೂ ಇರುತ್ತದೆ. ಟೈಗರ್ ವುಡ್ಸ್ ಕೂಡ 2010ರಲ್ಲಿ ಸೇಂಟ್ ಆಂಡ್ರೂಸ್‌ನ ನಿಧಾನವಾದ ಗ್ರೀನ್‌ಗಳಿಗೆಂದು ತಮ್ಮ ಪಟರ್ ಬದಲಿಸಿ ಬೇರೊಂದನ್ನು ತಂದರು, ಕೊನೆಯ ಸುತ್ತಿಗೆ ಮತ್ತೆ ಹಳೆಯದಕ್ಕೇ ಮರಳಿದರು. ಐರನ್‌ಗಳಲ್ಲಿ ಲಾಫ್ಟ್‌ನ ವಿಷಯ ಇನ್ನಷ್ಟು ಗೊಂದಲದ್ದು. ಮೂವತ್ತು ವರ್ಷದ ಹಿಂದಿನ 7 ನಂಬರ್ ಐರನ್ನಿನ ಓರೆ 35 ಡಿಗ್ರಿಯ ಆಸುಪಾಸು. ಈಗ ದೂರಕ್ಕಾಗಿ ಮಾಡುವ 7 ನಂಬರ್ ಐರನ್ನಿನದು 28, 30 ಡಿಗ್ರಿ, ಉದ್ದವೂ ಹೆಚ್ಚು. ತಳದಲ್ಲಿ ತೂಕ ಇಳಿಸಿ, ಮುಖ ತೆಳುವಾಗಿಸಿದ್ದರಿಂದ ಚೆಂಡು ಕಡಿಮೆ ಓರೆಯಲ್ಲೂ ಸಾಕಷ್ಟು ಎತ್ತರ ಏರುತ್ತದೆ, ಆದ್ದರಿಂದ ತಯಾರಕರು ಓರೆ ಇಳಿಸಿದ್ದಾರೆ. ಅವರ ಕಾರಣ ಸುಳ್ಳಲ್ಲ. ಆದರೆ ಹಳೆಯ ಏಳಕ್ಕೆ ಹೊಸ ಏಳನ್ನು ಹೋಲಿಸಿ, ಇದು ಎಷ್ಟು ದೂರ ಹೋಯಿತು ಎಂದು ಖುಷಿಪಡುವವರು, ನಿಜದಲ್ಲಿ ಹಳೆಯ ಐದೋ ಆರೋ ನಂಬರನ್ನು ಹೊಡೆದಿರುತ್ತಾರೆ. ತಳದಲ್ಲಿ ಅಚ್ಚೊತ್ತಿದ ಸಂಖ್ಯೆಯನ್ನು ಮರೆತು ಡಿಗ್ರಿ ಮತ್ತು ಉದ್ದ ನೋಡಬೇಕು. ಪಿ7ಟಿಡಬ್ಲ್ಯುನ 7 ನಂಬರ್ ಇಂದಿಗೂ 35 ಡಿಗ್ರಿಯ ಹತ್ತಿರವೇ ಇದೆ ಎಂಬುದು ಆಕಸ್ಮಿಕವಲ್ಲ.

ನನ್ನ ಮಾತಿಗೆ ಬರಬಹುದಾದ ಅತ್ಯಂತ ಬಲವಾದ ವಿರೋಧ ಬೈರನ್ ನೆಲ್ಸನ್ ಹೆಸರಿನಲ್ಲಿ ಬರುತ್ತದೆ. ಮರದ ದಂಡ ಹೋಗಿ ಉಕ್ಕಿನ ದಂಡ ಬಂದಾಗ, ಆಟದ ನಿಯಮ ನೋಡಿಕೊಳ್ಳುವ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆ ಅದಕ್ಕೆ 1929ರಲ್ಲಿ ಒಪ್ಪಿಗೆ ಕೊಟ್ಟಾಗ, ಹಳೆಯ ಹದಕ್ಕಾಗಿ ಹಂಬಲಿಸಿದವರು ಬಹಳ. 1932ರಲ್ಲಿ ಸ್ಪಾಲ್ಡಿಂಗ್ ಜೋನ್ಸ್ ಹೆಸರಿನಲ್ಲೇ ತಂದ ಐರನ್‌ಗಳ ಉಕ್ಕಿನ ದಂಡಕ್ಕೆ ಮರದ ಬಣ್ಣದ ಹೊದಿಕೆ ಹಾಕಿತ್ತು. ಕಣ್ಣಿಗೆ ಹಿಕರಿ, ಕೈಗೆ ಉಕ್ಕು. ಟೆಕ್ಸಸ್‌ನ ನೆಲ್ಸನ್ ಇಂಥ ಸಮಾಧಾನ ಹುಡುಕಲಿಲ್ಲ. ಮರದ ದಂಡ ಹೊಡೆತದಲ್ಲಿ ತಿರುಚುತ್ತದೆ, ಉಕ್ಕಿನದು ಅಷ್ಟು ತಿರುಚುವುದಿಲ್ಲ. ಹಾಗಿದ್ದ ಮೇಲೆ ಮಣಿಕಟ್ಟಿನ ಹಳೆಯ ಚಮತ್ಕಾರವೆಲ್ಲ ಏಕೆ ಎಂದು ತಮ್ಮ ಹೊಡೆತವನ್ನೇ ಬದಲಿಸಿಕೊಂಡರು. 1945ರಲ್ಲಿ ಅವರು ಸತತ 11 ಪಂದ್ಯಾವಳಿ, ಒಟ್ಟು 18 ಗೆದ್ದರು. ಹಾಗಾದರೆ ಹಳೆಯ ಹದದ ಹಿಂದೆ ಬೀಳುವುದಕ್ಕಿಂತ ಹೊಸದಕ್ಕೆ ಮೈ ಒಗ್ಗಿಸುವುದೇ ಸರಿಯಲ್ಲವೇ? ಹದಿನೆಂಟರ ಹರೆಯದವರಿಗೆ, ದಿನವಿಡೀ ಅಭ್ಯಾಸ ಮಾಡಬಲ್ಲವರಿಗೆ, ಹೌದು ಎಂದೇ ನನ್ನ ಉತ್ತರ. ಉಕ್ಕು ಬಂದಾಗ ನೆಲ್ಸನ್ ಅದೇ ವಯಸ್ಸಿನವರು. ಹೊಡೆತವನ್ನು ಕಟ್ಟಿ ಒಡೆದು ಮತ್ತೆ ಕಟ್ಟಲು ಅವರಿಗೆ ಹದಿನೈದು ವರ್ಷ ಮುಂದಿತ್ತು. ಐವತ್ತು ದಾಟಿ, ವಾರಕ್ಕೊಮ್ಮೆ ಆಡುವವರ ಹತ್ತಿರ ಆ ಕಾಲವಿಲ್ಲ. ಅವರ ಮೈ ಕಲಿತಿರುವ ಲಯವೇ ಅವರ ಆಸ್ತಿ. ಅದಕ್ಕೆ ತಕ್ಕ ಕೋಲು ಬೇಕೆಂದು ಅವರು ಕೇಳುವುದನ್ನು ಹಳೆಯದರ ವ್ಯಾಮೋಹವೆಂದು ತಳ್ಳಿಹಾಕುವುದು ಅನ್ಯಾಯ.

ಇನ್ನು, ಹೊಸ ಕೋಲು ತಪ್ಪು ಹೊಡೆತವನ್ನು ಕ್ಷಮಿಸುತ್ತದೆ, ಅದನ್ನೇಕೆ ಬಿಟ್ಟುಕೊಡಬೇಕು ಎಂಬ ಮಾತಿದೆ. ಡ್ರೈವರ್‌ನ ಮಟ್ಟಿಗೆ ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. 1993ರ ಮಾಸ್ಟರ್ಸ್‌ನಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಗೆದ್ದದ್ದೇ ಪರ್ಸಿಮನ್ ಮರದ ಡ್ರೈವರ್‌ನಿಂದ ಬಂದ ಕೊನೆಯ ಮೇಜರ್. ಆ ಮರದ ತಲೆಯ ಎರಡು ಪಟ್ಟಿಗೂ ಮಿಕ್ಕಿ ದೊಡ್ಡದಾದ 460 ಘನ ಸೆಂಟಿಮೀಟರಿನ ಟೊಳ್ಳು ಟೈಟಾನಿಯಂ ತಲೆ ಇಂದು ನಿಯಮದ ಗಡಿ. ನಡುವಿಗೆ ತಾಗದ ಹೊಡೆತವೂ ಅದರಲ್ಲಿ ತಕ್ಕಮಟ್ಟಿಗೆ ನೇರ ಹೋಗುತ್ತದೆ. ಟೀ ಮೇಲಿಟ್ಟ ಚೆಂಡನ್ನು ಒಂದೇ ಬಲದಲ್ಲಿ ದೂರಕ್ಕೆ ಕಳಿಸುವ ಈ ಕೋಲಿನಲ್ಲಿ ಹಳೆಯ ಹದಕ್ಕಾಗಿ ಇಷ್ಟು ಲಾಭ ಬಿಡುವುದು ವಿವೇಕವಲ್ಲ. ಆದರೆ ಕುಳಿ ಹತ್ತಿರವಾದಂತೆ ಲೆಕ್ಕ ತಿರುಗುತ್ತದೆ. ಅಲ್ಲಿ ಅರ್ಧ ಬಲ, ಕಾಲು ಬಲ, ಒಂದಿಷ್ಟು ನೂಕು. ಎಲ್ಲವೂ ಕೈಯ ಅಂದಾಜು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರದ ಹೊಡೆತದಲ್ಲಿ ಬಹಳಷ್ಟು ಎದುರಾಳಿಗಳಿಗಿಂತ ಹಿಂದಿದ್ದರೂ ಪಟಿಂಗ್‌ನ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ಕೂದಲೆಳೆಯಲ್ಲಿ ತಪ್ಪಿತು. ಅಂಥ ಅಂದಾಜನ್ನು ಹೊತ್ತಿರುವ ಕೋಲನ್ನು ಬದಲಿಸುವಾಗ ನೂರು ಸಲ ಯೋಚಿಸಬೇಕು. ಚೆಂಡನ್ನು ಹತ್ತಿರದಿಂದ ಎತ್ತಿ ಹೊಡೆಯುವ ವೆಜ್‌ಗಳ ವಿಷಯದಲ್ಲಿ ಹದವನ್ನು ಪೂರ್ತಿ ಮರಳಿ ಪಡೆಯಲು ನಿಯಮವೇ ಬಿಡುವುದಿಲ್ಲ: 2010ರಿಂದ ತಯಾರಾಗುವ ಕೋಲುಗಳಲ್ಲಿ ಮುಖದ ಗೆರೆಗಳ ಗಾತ್ರ ಮತ್ತು ಅಂಚಿನ ಚೂಪಿಗೆ ಮಿತಿ ಇದೆ. ಅದಕ್ಕೂ ಹಿಂದಿನ ವೆಜ್ ಉದ್ದ ಹುಲ್ಲಿನಿಂದ ಕೊಡುತ್ತಿದ್ದ ಚೆಂಡಿನ ಸುತ್ತು ಹೊಸದರಲ್ಲಿ ಅಷ್ಟೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಳದ ಆಕಾರ, ತೂಕ, ಉದ್ದ ಹೊಂದಿಸಬಹುದು. ಸುತ್ತಿನ ಅಂದಾಜನ್ನು ಹೊಸದಾಗಿ ಕಲಿಯಬೇಕು.

ಎಲ್ಲ ಅಳತೆ ಕೂಡಿದ ಮೇಲೂ ಒಂದಿಷ್ಟು ಪರಕೀಯತೆ ಉಳಿಯುತ್ತದೆ. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಅದಕ್ಕೆ ಔಷಧ ಸಮಯ. ಆದರೆ ಆ ಸಮಯವನ್ನು ಕೊಡುವ ಮೊದಲು ಮಾಡಬೇಕಾದ ಒಂದು ಅಗ್ಗದ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಕೋಲಿನ ಹಿಡಿಯ ರಬ್ಬರ್ ವರ್ಷಗಳಲ್ಲಿ ಗಟ್ಟಿಯಾಗಿ, ಹೆಬ್ಬೆರಳ ಜಾಗದಲ್ಲಿ ಸವೆದು, ತೆಳ್ಳಗಾಗಿ ಜಾರುತ್ತಿರುತ್ತದೆ. ಹೊಸ ಕೋಲಿನದು ಮೆತ್ತಗೆ, ದಪ್ಪ, ಅಂಟಂಟು. ಎರಡರ ತಲೆಯನ್ನು ಹೋಲಿಸುತ್ತಿದ್ದೇವೆ ಎಂದುಕೊಂಡು ನಾವು ನಿಜದಲ್ಲಿ ಹೋಲಿಸುತ್ತಿರುವುದು ಎರಡು ರಬ್ಬರ್‌ಗಳನ್ನು. ಮೊದಲು ಹಳೆಯದಕ್ಕೆ ಹೊಸ ಹಿಡಿ ಹಾಕಿಸಿ, ಹೊಸದಕ್ಕೂ ಅದೇ ಹಿಡಿ, ಅದೇ ದಪ್ಪದಲ್ಲಿ ಹಾಕಿಸಿ, ಎರಡನ್ನೂ ಒಂದೇ ದಿನ, ಒಂದೇ ಬಗೆಯ ಚೆಂಡಿನಿಂದ, ಸರದಿಯಲ್ಲಿ ಹೊಡೆದು ನೋಡಬೇಕು. ಹಾಗೆ ನೋಡಿದಾಗ ಕೆಲವರಿಗೆ ಹೊಸದು ಬೇಕಾಗೇ ಇರಲಿಲ್ಲ ಎಂದು ಗೊತ್ತಾಗಬಹುದು. ಉಳಿದವರಿಗೆ ವ್ಯತ್ಯಾಸ ತೂಕದಲ್ಲಿದೆಯೋ ಶಾಫ್ಟ್‌ನಲ್ಲಿದೆಯೋ ಸದ್ದಿನಲ್ಲಿದೆಯೋ ಎಂದು ಸ್ಪಷ್ಟವಾಗುತ್ತದೆ. ತಲೆಯ ಹಿಂದೆ ಸೀಸದ ಒಂದು ಪಟ್ಟಿ ಅಂಟಿಸಿದರೆ ಸಾಕೇ, ದಂಡವನ್ನೇ ಬದಲಿಸಬೇಕೇ ಎಂದು ಕೋಲು ತಿದ್ದುವವರಿಗೆ ಹೇಳಲು ಅವರ ಹತ್ತಿರ ಆಗ ಖಚಿತವಾದ ಮಾತಿರುತ್ತದೆ.